ಬೊಟ್ಟಿನ ಕನ್ನಡಿ

ನಮ್ಮ ಹೈಸ್ಕೂಲಿಗೆ ಯಾವ ಕಾಲದಲ್ಲೋ ಬಂದು ಬಿದ್ದಿದ್ದ ಪ್ರಯೋಗಾಲಯದ ಸಾಮಾನುಗಳನ್ನೆಲ್ಲ ಗುರುತಿಸಿ ಪಟ್ಟಿ ಮಾಡುವ ಕೆಲಸ ವಿಜ್ಞಾನದ ಮೇಷ್ಟ್ರಾದ ನನ್ನ ತಲೆಗೆ ಬಂತು. ಮಧ್ಯಾಹ್ನದ ಹೊತ್ತು. ಕಿಟಕಿಯ ಬಿಸಿಲಿನಲ್ಲಿ ಧೂಳು ನಿಧಾನವಾಗಿ ತೇಲುತ್ತಿತ್ತು. ಬರಗೂರು ರಸ್ತೆಯ ಕಡೆಯಿಂದ ಒಣಹಾಕಿದ ಕಡಲೆಕಾಯಿಯ ವಾಸನೆ ಬರುತ್ತಿತ್ತು. ಕೂತಲ್ಲೇ ನಾನೂ ಅರ್ಧ ತೇಲುತ್ತಿದ್ದೆ.

ಗಾಜಿನ ಮುಚ್ಚಳದ ದುಂಡನೆಯ ಡಬ್ಬಿಯೊಂದು ಮಾತ್ರ ಏನೆಂದು ತಿಳಿಯಲಿಲ್ಲ. ಒಳಗೆ ಉದ್ದನೆಯ ಮುಳ್ಳು, ಅದರ ಕೆಳಗೆ ಕನ್ನಡಿ.

ಕಸ ಗುಡಿಸುತ್ತಿದ್ದ ಆಯಾ ನಕ್ಕಳು. "ಅದು ನನ್ ಬೊಟ್ಟಿನ ಕನ್ನಡಿ ಕಣ್ ಸಾರ್. ಧೂಳು ಒರೆಸ್ವಾಗೆಲ್ಲ ಅದ್ರಾಗೇ ನೋಡ್ಕಂಡು ಬೊಟ್ಟು ಸರಿ ಮಾಡ್ಕಂತೀನಿ."

"ಮುಳ್ಳು ಅಡ್ಡ ಬರಲ್ವಾ?"

"ಓರೆಯಾಗಿ ನೋಡಿದ್ರೆ ಒಂದು ಮುಳ್ಳು ಎರಡಾಗಿ ಕಾಣ್ತೈತೆ. ನೆಟ್ಟಗೆ ಮೇಲಿಂದ ಬಗ್ಗಿದ್ರೆ ಎರಡೂ ಒಂದೇ ಆಗ್ತೈತೆ. ಆವಾಗ ಬೊಟ್ಟು ನಡೂಕೇ ಬರ್ತೈತೆ."

ಆಗ ಹೊಳೆಯಿತು, ಅದು ಅಯಸ್ಕಾಂತದ ಬಲ ಅಳೆಯುವ ಮ್ಯಾಗ್ನೆಟೋಮೀಟರ್. ಅಳತೆ ತಪ್ಪಬಾರದೆಂದರೆ ಮುಳ್ಳೂ ಅದರ ಬಿಂಬವೂ ಒಂದಾಗುವಂತೆ ನೇರ ಮೇಲಿನಿಂದ ನೋಡಬೇಕು ಎಂದು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ. ಚಿತ್ರ ಬರೆದು ಪೂರ್ತಿ ಅಂಕವನ್ನೂ ಗಿಟ್ಟಿಸಿದ್ದೆ. ವಸ್ತುವನ್ನು ಮಾತ್ರ ಕಾಲೇಜಿನ ಬೀರುವಿನಿಂದ ಯಾರೂ ಹೊರಗೆ ತೆಗೆದಿರಲಿಲ್ಲ. ನನ್ನ ಚಿತ್ರದಲ್ಲಿ ಕನ್ನಡಿಯೇ ಇರಲಿಲ್ಲ.

ಪಟ್ಟಿಯಲ್ಲಿ ಹೆಸರು ಬರೆದು, ಪೆನ್ನು ಕೆಳಗಿಟ್ಟು, ಮೊದಲ ಸಲ ಆ ಡಬ್ಬಿಯ ಮೇಲೆ ಬಗ್ಗಿದೆ. ಎರಡು ಮುಳ್ಳು ಕಂಡವು.

ಆಯಾ ಪೊರಕೆ ಗೋಡೆಗೆ ಒರಗಿಸಿ ಹತ್ತಿರ ಬಂದು ನನ್ನ ತಲೆಯನ್ನೇ ನೋಡುತ್ತಾ ಹೇಳಿದಳು: "ಇನ್ನೊಂಚೂರು ಈ ಕಡೀಕೆ ಬರ್ರಿ ಸಾರ್."