ಅಜ್ಜಿ ಅಂಟಿಸಿದ ಚೀನೀ ಪುಸ್ತಕ

ಮೈದಾ ಗಂಜಿಗೆ ಹುಳ ಹಿಡಿಯದಂತೆ ಮೈಲುತುತ್ತ ಬೆರೆಸಿ ಕುದಿಸುವ ವಾಸನೆ ಈಗ ಯಾರ ಮನೆಯಲ್ಲಿ ಬರುತ್ತದೆ ಹೇಳಿ? ಮೊನ್ನೆ ನಮ್ಮ ಮನೆಯಲ್ಲಿ ಬಂತು. ಮೂಗಿಗೆ ಬಡಿದದ್ದೇ ತಡ, ಅಣ್ಣಾ ನಗರದ ಆ ಹಳೇ ಬಾಡಿಗೆ ಮನೆ ಕಣ್ಣ ಮುಂದೆ ನಿಂತಿತು. ತೊಂಬತ್ತರ ದಶಕದ ಕೊನೆ. ಅಂಬತ್ತೂರಿನ ಪ್ರೆಸ್ಸೊಂದರಿಂದ ನಿವೃತ್ತರಾದ ತಾತನಿಗೆ ಅಚ್ಚು ಅಂದರೆ ಪ್ರಾಣ. ಎಗ್ಮೋರಿನ ಚೀನೀ ಹಲ್ಲಿನ ಡಾಕ್ಟರೊಬ್ಬರು ತಮ್ಮ ಅಜ್ಜನ ಕಾಲದ ಎರಡು ಪುಸ್ತಕಗಳನ್ನು ಅವರಿಗೆ ನೋಡಲು ಕೊಟ್ಟಿದ್ದರು. ಎರಡರಲ್ಲೂ ಕನ್‌ಫ್ಯೂಶಿಯಸ್‌ನ ಉಪದೇಶ, ಚಿತ್ರಗಳ ಸಮೇತ. ಹಳೆಯದು ಮರದ ಹಲಗೆ ಕೊರೆದು ಒತ್ತಿದ್ದು. ಗುರುವಿನ ಗಡ್ಡದಲ್ಲಿ ಉಳಿಯ ಮೊನೆಯ ಗುರುತು ಕಾಣುತ್ತಿತ್ತು. ಆಮೇಲಿನದು ಕಲ್ಲಚ್ಚಿನದು, ಅದೇ ಚಿತ್ರ ಅಂಗೈಯಗಲಕ್ಕೆ ಕುಗ್ಗಿತ್ತು. "ನೋಡು ಪುಟ್ಟಿ, ಇದ್ರಲ್ಲಿ ಕೈ ಕಾಣತ್ತೆ, ಅದ್ರಲ್ಲಿ ಮಿಷಿನ್ನು," ಎನ್ನುತ್ತಿದ್ದರು ತಾತ.

ಹಳೆಯದರ ತೆಳು ಹಾಳೆಗಳಿಗೆ ಒಂದೇ ಮಗ್ಗುಲಲ್ಲಿ ಅಚ್ಚು. ಹಾಗಾಗಿ ಪ್ರತಿ ಹಾಳೆಯನ್ನೂ ಮಡಚಿ, ಮಡಿಕೆ ಹೊರಗೆ ಬರುವಂತೆ ಹೊಲಿದಿದ್ದರು. ಅಜ್ಜಿಗೆ ಅದೇನು ಗೊತ್ತು? ಕತ್ತರಿಸಲು ಮರೆತಿದ್ದಾರೆ ಅಂದುಕೊಂಡಳು. ತಾತ ಮಧ್ಯಾಹ್ನ ಮಲಗಿ ಏಳುವಷ್ಟರಲ್ಲಿ, ಪಾಪ, ಗಂಡನಿಗೆ ಅನುಕೂಲವಾಗಲಿ ಎಂದು ತರಕಾರಿ ಚಾಕುವಿನಿಂದ ಎಲ್ಲವನ್ನೂ ನೀಟಾಗಿ ಸೀಳಿಟ್ಟಿದ್ದಳು!

"ಅಯ್ಯೋ, ಏನೇ ಮಾಡ್ಬಿಟ್ಟೆ! ಆ ಮನುಷ್ಯನಿಗೆ ಹೇಗೆ ಮುಖ ತೋರಿಸ್ಲಿ?"

"ಅಂಟ್ಕೊಂಡಿತ್ತೂಂತ ಬಿಡಿಸ್ದೇರೀ..."

ತಾತ ಊಟ ಬಿಟ್ಟರು. ಅಜ್ಜಿ ಅಳುತ್ತಾ ಕೂರುವವಳೇ? ಗಂಜಿ ಕಾಯಿಸಿ, ತೆಳು ಕಾಗದದ ಪಟ್ಟಿಗಳಿಂದ ಸೀಳಿದ ಅಂಚುಗಳನ್ನು ಒಳಗಿನಿಂದ ಜೋಡಿಸತೊಡಗಿದಳು. ತಾತ ದೂರದಿಂದಲೇ ಗೊಣಗಿದರು, "ಗಂಜಿ ದಪ್ಪ ಆಯ್ತು, ನೀರು ಹಾಕು." ಆಮೇಲೆ ತಾವೇ ಬಂದು ಪಕ್ಕದಲ್ಲಿ ಕೂತರು. ಅವರಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಕೂತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲೇ ಇಲ್ಲ.

ಹಿಂದಿರುಗಿಸಲು ಹೋದಾಗ ಅಜ್ಜಿ ತಲೆ ಎತ್ತಲಿಲ್ಲ. ಡಾಕ್ಟರು ಅಂಚುಗಳನ್ನು ಸವರಿ ನೋಡಿ, ತಮಿಳಿನಲ್ಲಿ ಅಂದರು: ನನ್ನ ಮಕ್ಕಳಿಗೆ ಈ ಅಕ್ಷರವೇ ಬರುವುದಿಲ್ಲಮ್ಮಾ, ಇಷ್ಟು ಜೋಪಾನ ಮಾಡಿದ ನಿಮ್ಮ ಹತ್ತಿರವೇ ಇರಲಿ.

ಆ ಮನೆ ಈಗಿಲ್ಲ. ತಾತ, ಅಜ್ಜಿ, ಡಾಕ್ಟರು, ಯಾರೂ ಇಲ್ಲ. ಪುಸ್ತಕಗಳಿವೆ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲೇ ಉತ್ತರಿಸುವ ನನ್ನ ಮಗಳು ಮೊನ್ನೆ ಹಳೆಯದರ ಅಂಚಿಗೆ ಬೆರಳಿಟ್ಟು, "ಅಮ್ಮಾ, ಒಟ್ಟಿಕ್ಕಿಚ್ಚು," ಎಂದಳು. ಅಂಟಿಕೊಂಡಿದೆಯಂತೆ! ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ಬಿಡಿಸ್ಬೇಡ ಕಣೇ, ನಮ್ಮಜ್ಜಿ ಅಂಟಿಸಿದ್ದು."

ಅವಳು ಹಾಳೆ ತಿರುವುತ್ತಾ ಹೋಗಿ ಒಂದು ಕಡೆ ಬೆರಳು ನಿಲ್ಲಿಸಿದಳು. ಆಮೇಲೆ, ಕನ್ನಡದಲ್ಲೇ, "ಇದೊಂದು ಬಿಟ್ಕೊಂಡಿದೆಯಲ್ಲಮ್ಮಾ, ನಾವು ಅಂಟಿಸೋಣ್ವಾ?" ಎಂದಳು.

ಎದ್ದು ಹೋಗಿ ಒಲೆ ಹಚ್ಚಿದೆ.