ಮಾಲಕರ ಎದುರು ಓದುವ ಕಾಗದ

ಪಿಎಚ್.ಡಿ. ಮಾಡಲೋ ಬೇಡವೋ ಎಂದು ಹೋದ ವರ್ಷ ನಾನು ಕೇಳದ ಜನರಿಲ್ಲ. ಬಸವಕಲ್ಯಾಣದ ಮನೆಯಿಂದ ಹುಮನಾಬಾದಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ, ಇತಿಹಾಸದ ಅತಿಥಿ ಉಪನ್ಯಾಸಕಿ ನಾನು. ಹನ್ನೊಂದು ವರ್ಷದ ಅತಿಥಿ. ಇಷ್ಟು ದಿನ ಕುಳಿತ ಅತಿಥಿಯನ್ನು ಯಾವ ಮನೆಯವರಾದರೂ ಎಂದೋ ಎಬ್ಬಿಸಿ ಕಳಿಸುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ಸೇರಿದರೆ ಕಾಲೇಜು ಬಿಡಬೇಕು, ಬಿಟ್ಟರೆ ಮತ್ತೆ ಕರೆಯುತ್ತಾರೆಂಬ ಖಾತ್ರಿಯಿಲ್ಲ. ಒಪ್ಪಿಗೆ ಪತ್ರಕ್ಕೆ ಸೋಮವಾರವೇ ಕೊನೆ. ಗಂಡ "ನಿನಗ ಹ್ಯಾಂಗ ತಿಳೀತದ ಹಂಗ ಮಾಡು" ಎಂದ. ಅತ್ತೆಯೂ ಅದನ್ನೇ ಅಂದರು. ಒಬ್ಬರಾದರೂ ಬೇಡ ಎಂದಿದ್ದರೆ ಹಟಕ್ಕೆ ಬಿದ್ದಾದರೂ ಸೇರಿಬಿಡುತ್ತಿದ್ದೆ.

ಕಲ್ಯಾಣದವಳು ಎಂದ ಕೂಡಲೇ ಮಾರ್ಗದರ್ಶಕರು ಶರಣರ ಮೇಲೆ ಬರೆಯಿರಿ ಎಂದಿದ್ದರು. ನಾನು ಒಪ್ಪಿರಲಿಲ್ಲ. ನಮ್ಮ ಕಡೆಯ ಮನೆಗಳ ಟ್ರಂಕಿನಲ್ಲಿ ನಿಜಾಮರ ಕಾಲದ ಹೊಲದ ಕಾಗದಗಳಿವೆ. ಅವಸರದ ಉರ್ದು ಬರಹ, ಇಟ್ಟುಕೊಂಡವರಿಗೇ ಓದಲು ಬಾರದು. ಅದೇ ನನ್ನ ವಿಷಯ. ನನಗೂ ಓದಲು ಬಾರದು ಎಂಬುದೊಂದೇ ತೊಡಕು.

ನಮ್ಮ ಓಣಿಯಲ್ಲಿ ಅದನ್ನು ಬಲ್ಲವರು ಒಬ್ಬರೇ, ತಹಸೀಲ್ ಕಚೇರಿಯಲ್ಲಿ ನಕಲುಗಾರರಾಗಿದ್ದ ಒಬ್ಬ ಮುದುಕರು. ಎಲ್ಲರಿಗೂ ಅವರು ಚಾಚಾ. ಕಲಿಸಲು ಒಪ್ಪಿದ್ದರು. ಆದರೆ ಅವರದೊಂದು ರಿವಾಜು, ಮಾಲಕ ಎದುರಿಗೆ ಕೂರದೆ ಯಾವ ಕಾಗದವನ್ನೂ ಓದುವುದಿಲ್ಲ. ಒಂದು ಸಾಲು ಓದಿ ಕನ್ನಡದಲ್ಲಿ ಹೇಳಬೇಕು, ಮಾಲಕ 'ಹೂಂ' ಅನ್ನಬೇಕು, ಆಮೇಲೆ ಮುಂದಿನ ಸಾಲು. ಹಾಗಾಗಿ ಕೊನೆಯ ದಿನದ ಹಿಂದಿನ ಭಾನುವಾರ ಬೆಳಿಗ್ಗೆ ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ, ರಾಜೇಶ್ವರದ ರೈತ, ಅಜ್ಜನ ಕಾಲದ ಕಾಗದವನ್ನು ಟವೆಲಿನಲ್ಲಿ ಸುತ್ತಿಕೊಂಡು ಚಾಚಾರ ಮನೆಗೆ ಬಂದರು.

ಹೊಲದ ನಾಲ್ಕೂ ಮೇರೆಗಳನ್ನು ಚಾಚಾ ಓದಿದರು, ನಾನು ಬರೆದುಕೊಂಡೆ. ಆಮೇಲೆ ಮುಂದಿನ ಸಾಲಿನ ಮೇಲೆ ಬೆರಳಿಟ್ಟರು. "ಇಲ್ಲಿಂದ ಮುಂದ ಮಸಿ ಹಾರೇದ್ರಿ, ಕಾಣಸವಲ್ದು" ಎಂದರು. ನಾನು ಇಣುಕಿ ನೋಡಿದೆ. ಮಸಿ ಕಪ್ಪಗೆ ಗಟ್ಟಿಯಾಗಿತ್ತು.

ರೈತ ಚಹಾ ಹೇಳಿ ಬರಲು ಹೊರಗೆ ಹೋದಾಗ ಮುಂದೇನಿದೆ ಎಂದು ಚಾಚಾರನ್ನು ಕೇಳಿದೆ. ಅವರು ದನಿ ತಗ್ಗಿಸಿ ಹೇಳಿದರು, "ಆ ಹೊಲ ಅವರದಲ್ಲವ್ವ. ಅವರಜ್ಜ ತಂಗೀಗಿ ಬರಕೊಟ್ಟಾನ. ಆಕಿ ಮಂದಿ ನನಗ ಗೊತ್ತು, ಬಾಜೂ ಮನ್ಯಾಗೇ ಅದಾರ. ಅದೇ ಹೊಲದಾಗ ಕೂಲಿಗೆ ಕಳೆ ತಗ್ಯಾಕ ಬರ್ತಾರ."

"ಮತ್ತ ಯಾಕ ಹೇಳಲಿಲ್ರಿ ಚಾಚಾ?"

"ಇಂಥವು ಭಾಳ ಓದೀನಿ. ಮಸಿ ಹಾರೇದಂತನೇ ಹೇಳಕೋತ ಬಂದೀನಿ. ನೀ ಕಲ್ತರ ಏನು ಹೇಳಾಕಿ? ಅದರ ಫೈಸಲಾ ಮೊದಲ ಮಾಡ್ಕೋ, ಆಮ್ಯಾಲ ಡಾಕ್ಟರ್ ಆಗು."

ಸುಳ್ಳು ಹೇಳಿದವರು ಅವರು, ಪೆನ್ನು ಹಿಡಿದು ಬೆವೆತವಳು ನಾನು. ಅಷ್ಟರಲ್ಲಿ ಚಹಾ ಬಂತು, ಮೂವರೂ ಕುಡಿದೆವು.

ರೈತರನ್ನು ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಹೋದೆ. ಅವರು ಟವೆಲ್ ಬಿಚ್ಚಿ ಕಾಗದವನ್ನು ನನ್ನ ಕೈಗಿಟ್ಟರು. "ಚಾಚಾನ ಕಣ್ಣು ಮಂಜಾಗ್ಯಾವ್ರಿ ಮೇಡಮ್. ನೀವು ಕಲೀರಿ. ನೀವು ಏನು ಓದಿ ಹೇಳ್ತೀರಿ ನಾ ಅದನ್ನೇ ನಂಬ್ತೀನಿ. ಅಲ್ಲೀತನಕ ನಿಮ್ಮ ಕಡೀನೇ ಇರಲಿ." ಕಾಗದವನ್ನು ಚೀಲಕ್ಕೆ ಹಾಕಿಕೊಂಡೆ. ಮರಳಿಸಿದರೆ ಇನ್ನೊಬ್ಬರ ಬಳಿ ಒಯ್ದಾರು, ಇಟ್ಟುಕೊಂಡರೆ ಒಂದಲ್ಲ ಒಂದು ದಿನ ನಾನೇ ಓದಬೇಕು.

ಸೋಮವಾರ ವಿಶ್ವವಿದ್ಯಾಲಯಕ್ಕೆ ಬರೆದೆ, ವೈಯಕ್ತಿಕ ಕಾರಣಗಳಿಂದ ಸೇರಲಾಗುತ್ತಿಲ್ಲ ಎಂದು. ಮನೆಯಲ್ಲಿ "ಚಲೋ ಮಾಡ್ದಿ" ಎಂದರು. ಸೇರಿದ್ದರೂ ಅದನ್ನೇ ಅನ್ನುತ್ತಿದ್ದರು. ನನಗೆ ಮಾತ್ರ ಸಮಾಧಾನವಿಲ್ಲ. ಯಾರಿಗೂ ಅನ್ಯಾಯ ಮಾಡಬಾರದೆಂದು ಹಿಂದೆ ಸರಿದೆನೋ, ಬರೀ ಹೆದರಿದೆನೋ, ಇಂದಿಗೂ ತಿಳಿದಿಲ್ಲ. ಕಲಿಯುವುದನ್ನು ಬಿಟ್ಟೆನೆಂದು ರೈತರಿಗೆ ಇನ್ನೂ ಹೇಳಿಲ್ಲ, ಕಾಗದವೂ ನನ್ನ ಬಳಿಯೇ ಇದೆ. "ಎಲ್ಲೀತನಕ ಬಂತು ಅಂತ ಅಪ್ಪ ಕೇಳ್ಯಾರ್ರಿ" ಎಂದು ಮಗಳು ಕೇಳುತ್ತಾಳೆ. "ನಡದದ" ಅನ್ನುತ್ತೇನೆ.

ಮೊನ್ನೆ ಅವಳ ಜೊತೆ ಹೊಸಬಳೊಬ್ಬಳು ಮೊದಲ ಬೆಂಚಿನಲ್ಲಿ ಕುಳಿತಿದ್ದಳು. "ನಮ್ಮ ಬಾಜೂ ಮನ್ಯಾಕಿರಿ, ಇಬ್ಬರೂ ಕೂಡೇ ಬರ್ತೀವಿ" ಎಂದು ಪರಿಚಯಿಸಿದಳು. ಹೊಸಬಳು ಎದ್ದು ನಿಂತು ಕೇಳಿದಳು, "ಮೇಡಮ್, ನೀವು ಹಳೇ ಕಾಗದ ಓದ್ತೀರಂತಲ್ರಿ. ನನಗೂ ಕಲಸ್ರಿ."

ನನಗೆ ಓದಲು ಬರುವುದಿಲ್ಲ ಎಂದೆ. ಅದು ನಿಜವೇ ಆಗಿತ್ತು.