ತಾಯಣ್ಣ ಮಿಸ್ತ್ರಿ ಗಾದಿಯ ಮೇಲೆ ಕೂತದ್ದು

ರಾಯಚೂರಿನಲ್ಲಿ ನಮ್ಮ ಮನೆಯೆದುರಿಗೆ ಮುನವ್ವರ್ ಬೀಯ ಕುದುರೆ ಲಾಯವಿತ್ತು. ಟಾಂಗಾ ಹೊಡೆಯುತ್ತಿದ್ದ ಗಂಡ ಸತ್ತು, ಲಾಯ ಖಾಲಿ ಬಿದ್ದಾಗ, ೧೯೪೪ರಲ್ಲಿ, ಆಕೆ ಅದನ್ನು ದೇವದುರ್ಗ ತಾಲ್ಲೂಕಿನ ಮಸರಕಲ್ಲಿನ ತಾಯಣ್ಣನಿಗೆ ಕೊಟ್ಟಳು. ಮೋಟಾರು ರಿಪೇರಿಯ ಅಂಗಡಿ ಹಾಕುತ್ತೇನೆಂದು ಬಂದಿದ್ದ. ಊರ ಹೊರಗಿನ ಕೇರಿಯವನು. ಓಣಿಯ ಆಚಾರ್ಯರೆಲ್ಲ ಮುಖ ಸಿಂಡರಿಸಿದರು. ನಾನೂ ಸಿಂಡರಿಸಿದೆ, ಸುಳ್ಳೇಕೆ ಹೇಳಲಿ. ನಾನಾಗ ಶಾಲಾ ಮಾಸ್ತರ. ಅವನ ಸುತ್ತಿಗೆಯ ಸದ್ದು ಕಿವಿಗೆ ಬಿದ್ದರೂ ಮಡಿ ಕೆಟ್ಟಿತು ಅನ್ನುವಷ್ಟು ಮೂರ್ಖನಾಗಿದ್ದೆ.

ಕೆಲಸವನ್ನು ತಾಯಣ್ಣ ಏಟು ತಿಂದೇ ಕಲಿತಿದ್ದ. ಬಸ್ಸು ರಿಪೇರಿ ಮಾಡುವ ವಲಿ ಪಾಷಾ ಉಸ್ತಾದನ ಬಳಿ ಎಂಟು ವರ್ಷ ದುಡಿದಿದ್ದ. ಉಸ್ತಾದ ಪಾಠ ಹೇಳುತ್ತಿದ್ದದ್ದು ಬಾಯಿಂದಲ್ಲ, ನಟ್ಟು ಬಿಚ್ಚುವ ಪಾನಾದಿಂದ. "ಕ್ಲಚ್ಚಿಗೆ ನಾಕು ಏಟು, ಗೇರಿಗೆ ಹತ್ತು" ಎಂದು ತಾಯಣ್ಣ ಬೆನ್ನಿನ ಕಲೆ ತೋರಿಸಿ ನಗುತ್ತಿದ್ದ. ಯುದ್ಧದ ದಿನಗಳು, ಗಾಡಿಯ ಸಾಮಾನು ಎಲ್ಲೂ ಸಿಗುತ್ತಿರಲಿಲ್ಲ. ಇವನು ಹಳೆಯ ಬಾಲ್ದಿಯ ತಗಡು ಕತ್ತರಿಸಿಯಾದರೂ ಕೆಲಸ ಮುಗಿಸುತ್ತಿದ್ದ. ಏದುಸಿರು ಬಿಡುತ್ತ ಬಂದ ಕಾರು ಇವನ ಕೈಯಿಂದ ಹೋಗುವಾಗ ಏರುದಾರಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ದೊಡ್ಡವರೂ ಬಂದರು.

ಬರುವಾಗ ಒಂದು ಕಟ್ಟಳೆಯನ್ನೂ ತಂದರು. ತಾಯಣ್ಣ ಇಂಜಿನ್ ಮುಟ್ಟಬಹುದು, ಕಬ್ಬಿಣಕ್ಕೆ ಮೈಲಿಗೆಯಿಲ್ಲ. ಆದರೆ ಸೀಟಿನ ಗಾದಿಯ ಮೇಲೆ ಕೂಡಬಾರದು. ಗಾಡಿ ಓಡಿಸಿ ನೋಡುವ ಮುನ್ನ ಮಾಲೀಕರು ಗಾದಿ ತೆಗೆಸುತ್ತಿದ್ದರು; ಅವನು ಬರೀ ಹಲಗೆಯ ಮೇಲೆ ಗೋಣಿಚೀಲ ಹಾಸಿ ಕೂಡಬೇಕು. ವೇದ ಓದಿದ ನಮಗೇ ಇಷ್ಟು ಜಾಣ ಶಾಸ್ತ್ರ ಹೊಳೆದಿರಲಿಲ್ಲ. ತಾಯಣ್ಣ ಸಹಿಸಿದ. ಇನ್ನೊಬ್ಬರ ಕೈಕೆಳಗೆ ಏಟು ತಿಂದು ಬದುಕುವುದು ಅವನಿಗೆ ಸಾಕಾಗಿತ್ತು, ಅಂಗಡಿ ಉಳಿಯಬೇಕಿತ್ತು.

ಮರುವರ್ಷ ಬೇಸಿಗೆಯಲ್ಲಿ ಮಾನ್ವಿ ಕಡೆಯ ಗೌಡನೊಬ್ಬನ ಕಾರು ಬಂತು. ಅವನ ಹೆಸರು, ಊರು ಬೇಡ, ಮೊಮ್ಮಕ್ಕಳಿದ್ದಾರೆ. ಬ್ರೇಕು ಹಿಡಿಯುತ್ತಿರಲಿಲ್ಲ. ತಾಯಣ್ಣ ಸರಿಮಾಡಿ, ಗೋಣಿಚೀಲದ ಮೇಲೆ ಕೂತು ಓಡಿಸಿದ, ಹಿಡಿಯಿತು. ಗೌಡ ಓಡಿಸಿದ, ಹಿಡಿಯಲಿಲ್ಲ. ಎರಡನೆಯ ಸಲವೂ ಅದೇ ಕಥೆ. ಗೌಡ ಅವನ ಕಪಾಳಕ್ಕೆ ಬಾರಿಸಿ ಕಾರು ಬಿಟ್ಟುಹೋದ.

ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ತಾಯಣ್ಣನಿಗೆ ಹೊಳೆಯಿತು. ಗಾದಿಯಿಲ್ಲದೆ ತಗ್ಗಿನಲ್ಲಿ ಕೂತರೆ ಕಾಲು ಪೆಡಲನ್ನು ನೇರ ಮುಂದಕ್ಕೆ ತಳ್ಳುತ್ತದೆ. ಗಾದಿಯ ಮೇಲೆ ಕೂತವನು ಎತ್ತರದಿಂದ ಒತ್ತುತ್ತಾನೆ; ಆಗ ಸವೆದ ಪೆಡಲು ವಾಲಿ, ಕಾಲಡಿಯ ಹಲಗೆಗೆ ತಾಗಿ ಅರ್ಧಕ್ಕೇ ನಿಲ್ಲುತ್ತದೆ. ಖಾತ್ರಿ ಮಾಡಿಕೊಳ್ಳಲು ಗಾದಿಯ ಮೇಲೆ ಕೂತು, ಹಾಡುಹಗಲೇ, ಸ್ಟೇಷನ್ ರಸ್ತೆಗೆ ಹೋಗಿಬಂದ. ಲಾಯದ ಬಾಗಿಲಲ್ಲಿ ಗೌಡ ಇಬ್ಬರು ಆಳುಗಳ ಜೊತೆ ನಿಂತಿದ್ದ.

"ಎಲ್ಲಿ ಕುಂತೀದಿ ಲೇ?"

"ಗೌಡ್ರ, ರೋಗ ಸಿಕ್ತ್ರಿ. ಈ ಹಲಗಿ ಎರಡು ಬೆರಳು ಕೊಯ್ದ್ರ ಸಾಕು."

ಕೂದಲು ಹಿಡಿದು ಎಳೆದು ಕೆಡವಿದರು. ಮೆಟ್ಟಿನಿಂದ ಮುಖಕ್ಕೆ, ಬಡಿಗೆಯಿಂದ ಬೆನ್ನಿಗೆ ಹೊಡೆದರು. ಎರಡು ಹಲ್ಲು ನಮ್ಮ ಕಟ್ಟೆಯ ಮುಂದೆ ಬಿದ್ದವು. ರಕ್ತ ಉಗುಳುತ್ತಲೇ ಅವನು ಕೂಗಿದ: "ಬ್ರೇಕ್ ಹಿಡಿಯಂಗಿಲ್ರೀ ಯಪ್ಪಾ. ಗಾಡಿ ಒಯ್ಯಬ್ಯಾಡ್ರಿ."

"ನನಗ ಶಾಪ ಹಾಕ್ತಿ ಏನಲೇ?" ಎಂದ ಗೌಡ.

ಆಳುಗಳು ತಾಯಣ್ಣನ ಬಲಗೈಯನ್ನು ಅವನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಒತ್ತಿ ಹಿಡಿದು, ಅವನದೇ ಸುತ್ತಿಗೆಯಿಂದ ಮೂರು ಸಲ ಬಡಿದರು. ಮೂರನೆಯದಕ್ಕೆ ಅವನು ಕೂಗಲೂ ಇಲ್ಲ. ಗೌಡ ಗಾದಿಗೆ ಬಾವಿಯ ನೀರು ಸುರಿಸಿ, ಮೇಲೆ ತನ್ನ ಶಲ್ಯ ಹಾಸಿ ಕೂತು, ತಾನೇ ಓಡಿಸಿಕೊಂಡು ಹೋದ. ನಾನು ಕಿಟಕಿಯ ಹಿಂದೆ ನಿಂತಿದ್ದೆ.

ಸಂಜೆಯೊಳಗೆ ಸುದ್ದಿ ಬಂತು. ಮಾನ್ವಿ ರಸ್ತೆಯ ಇಳಿಜಾರಿನಲ್ಲಿ ಕಾರು ನಿಲ್ಲದೆ ಹಳ್ಳದ ಸೇತುವೆಗೆ ಬಡಿದಿತ್ತು. ಸ್ಟಿಯರಿಂಗ್ ಎದೆಗೆ ಹೊಕ್ಕು ಗೌಡ ಅಲ್ಲೇ ಸತ್ತಿದ್ದ.

ಬ್ರೇಕು ಬೇಕಂತಲೇ ಕೆಡಿಸಿದ್ದಾನೆಂದು ಪೊಲೀಸರು ತಾಯಣ್ಣನನ್ನು ಹಿಡಿದೊಯ್ದರು. ಮುರಿದ ಕೈಗೆ ಬಟ್ಟೆ ಕೂಡ ಕಟ್ಟಿಸದೆ, ತೊಲೆಗೆ ತಲೆಕೆಳಗಾಗಿ ಕಟ್ಟಿ, ಒಪ್ಪಿಕೋ ಎಂದು ಹೊಡೆದರು. ಅವನು ಒಪ್ಪಲಿಲ್ಲ. ಅವನು ಕೂಗಿ ಎಚ್ಚರಿಸಿದ್ದನ್ನು ಕೇಳಿದವರು, ಆ ಆಳುಗಳನ್ನು ಬಿಟ್ಟರೆ, ಇಬ್ಬರೇ. ಮುನವ್ವರ್ ಬೀ ನಮ್ಮ ಬಾಗಿಲಿಗೆ ಬಂದಳು.

"ಮಾಸ್ತರ್ ಸಾಬ್, ನೀವೂ ಕೇಳೀರಿ. ಕಚೇರಿಗೆ ಬರ್ರಿ."

"ನಾ ಪೂಜಾಕ್ಕ ಕುಂತಿದ್ದೆನವ್ವ" ಎಂದೆ.

ಆಕೆ ನನ್ನನ್ನು ಒಮ್ಮೆ ನೋಡಿ, ಬುರ್ಖಾ ಎಳೆದುಕೊಂಡು ಒಬ್ಬಳೇ ಹೋದಳು. ಹೆಂಗಸಿನ ಮಾತೆಂದು ನಕ್ಕ ಪೊಲೀಸ್ ಸಾಹೇಬರಿಗೆ "ನನ್ನ ಮಾತು ಬ್ಯಾಡ, ಗಾಡಿ ಹಲಗಿ ನೋಡ್ರಿ" ಎಂದಳಂತೆ. ಹಲಗೆಯಲ್ಲಿ ಪೆಡಲು ಬಡಿದ ಗುರುತು ಆಳವಾಗಿ ಬಿದ್ದಿತ್ತು. ಮೂರು ತಿಂಗಳ ಮೇಲೆ ತಾಯಣ್ಣನನ್ನು ಬಿಟ್ಟರು. ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಪೂಜೆಗೆ ಕೂತಾಗ ಹೆಚ್ಚು.

ಬಲಗೈಯ ಬೆರಳು ಮುರುಟಿ ಹೋಗಿದ್ದವು. ಎಡಗೈಯಿಂದ ಪಾನಾ ಹಿಡಿಯುವುದನ್ನು ಕಲಿತು, ತಾಯಣ್ಣ ಅದೇ ಲಾಯದಲ್ಲಿ ಮತ್ತೆ ಅಂಗಡಿ ತೆರೆದ.

೧೯೪೯ರ ಒಂದು ಮಧ್ಯಾಹ್ನ ಗೌಡನ ಮಗ ಬಂದ. ಅಪ್ಪನ ಕಾರನ್ನೇ ನೆಟ್ಟಗೆ ಮಾಡಿಸಿಕೊಂಡಿದ್ದ. ಈಗ ಅದು ಚಾಲೂ ಆಗುತ್ತಿರಲಿಲ್ಲ, ಬೇರೆ ಮಿಸ್ತ್ರಿಗಳು ಕೈಚೆಲ್ಲಿದ್ದರು. ಎಳೆದು ತಂದ ಎತ್ತುಗಳನ್ನು ಆಳು ನೀರಿಗೆ ಹೊಡೆದುಕೊಂಡು ಹೋಗಿದ್ದ. ತಾಯಣ್ಣ ಎರಡು ತಾಸು ಇಂಜಿನ್ನಿನೊಳಗೆ ಕೈಯಾಡಿಸಿದ. ಕೆಲಸ ಮುಗಿದಾಗ ಮರಿಗೌಡ ಅಭ್ಯಾಸದಂತೆ ಗಾದಿ ತೆಗೆಯಲು ಕೈ ಹಾಕಿದ.

"ಇರ್ಲಿ ಬಿಡ್ರಿ" ಎಂದ ತಾಯಣ್ಣ, ಮುರುಟಿದ ಕೈ ಮುಂದೆ ಹಿಡಿದು. "ಇದರಲೆ ಹ್ಯಾಂಡಲ್ ತಿರುವಾಕ ಆಗಂಗಿಲ್ಲ. ನಾ ಒಳಗ ಕೂಡ್ತೀನಿ, ನೀವು ತಿರುವ್ರಿ."

ಹೋಗಿ ಗಾದಿಯ ಮೇಲೆ ಕೂತ. ಮರಿಗೌಡ ಕೆಂಪಾದ, ಅತ್ತಿತ್ತ ನೋಡಿದ, ಕೊನೆಗೆ ಕಾರಿನ ಮುಂದೆ ಬಗ್ಗಿ, ಇಂಜಿನ್ ಚಾಲೂ ಮಾಡುವ ಕಬ್ಬಿಣದ ಹ್ಯಾಂಡಲ್ ಹಿಡಿದ.

ಆ ಕಾರುಗಳಲ್ಲಿ ಸ್ಟಿಯರಿಂಗಿನ ಎಡಕ್ಕೆ, ಇಂಜಿನ್ನಿನ ಕಿಡಿಯನ್ನು ಹಿಂದುಮುಂದು ಮಾಡುವ ಒಂದು ಸಣ್ಣ ಹಿಡಿಕೆ ಇರುತ್ತಿತ್ತು. ಅದನ್ನು ತಪ್ಪು ಕಡೆ ತಳ್ಳಿದರೆ ಹ್ಯಾಂಡಲ್ ವಾಪಸ್ ಹೊಡೆದು ತಿರುಗಿಸುವವನ ಕೈ ಮುರಿಯುತ್ತದೆ. ಯಾರೂ ತಪ್ಪು ಹಿಡಿಯುವಂತಿಲ್ಲ, ದಿನಾ ಆಗುವಂಥದ್ದೇ. ತಾಯಣ್ಣನೇ ನನಗೊಮ್ಮೆ ಇದನ್ನು ಹೇಳಿದ್ದ. ಈಗ ಅವನ ಎಡಗೈ ಅದರ ಮೇಲಿತ್ತು. ಕಟ್ಟೆಯ ಮೇಲಿದ್ದ ನಾನು ಎದ್ದು ನಿಂತೆ. ಮುರಿಯಲಿ ಅಂತಲೇ ಅನ್ನಿಸಿತು, ನಿಜವಾಗಿ.

ತಾಯಣ್ಣ ಹಿಡಿಕೆಯನ್ನು ಸರಿಯಾದ ಕಡೆಗೆ ಎಳೆದು, ಹೊರಗೆ ತಲೆ ಹಾಕಿದ.

"ಹೆಬ್ಬಟ್ಟು ಸುತ್ತಿ ಹಿಡೀಬ್ಯಾಡ್ರಿ. ವಾಪಸ್ ಹೊಡೆದ್ರ ಕೈ ಮುರೀತದ."

ಮರಿಗೌಡ ತಲೆಯೆತ್ತಿ ಅವನನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಹೆಬ್ಬೆರಳನ್ನು ಈಚೆ ತೆಗೆದು, ಬಗ್ಗಿ, ಹ್ಯಾಂಡಲ್ ತಿರುಗಿಸಿದ.